ಕೆಸರಿನ ಬೆಲೆ

ಸಮುದ್ರದ ಅಂಚಿನ ಜವುಗು ನೆಲವನ್ನು ನಾವು ಸಾಮಾನ್ಯವಾಗಿ ಪಾಳುಭೂಮಿಯೆಂದು ಎಣಿಸುತ್ತೇವೆ. ಅಲ್ಲಿ ಮನೆ ಕಟ್ಟುವುದು ಕಷ್ಟ, ಕಾಲಿಟ್ಟರೆ ಕೆಸರು. ಅದಕ್ಕೆ ಮಣ್ಣು ತುಂಬಿ ಸಮತಟ್ಟು ಮಾಡುವುದೇ ಪ್ರಗತಿಯೆಂದು ವಾದಿಸುವವರೂ ಉಂಟು. ಈ ಎಣಿಕೆ ತಪ್ಪೆಂದು ನನ್ನ ಅಭಿಪ್ರಾಯ. ಅದಕ್ಕೆ ಸಾಕ್ಷಿ ನುಡಿಯುವವು ಅಲ್ಲಿನ ಹಕ್ಕಿಗಳೇ.

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿಯು ಅರಬ್ಬೀ ಸಮುದ್ರವನ್ನು ಸೇರುತ್ತದೆ. ಅಲ್ಲಿ ಉಬ್ಬರದ ಉಪ್ಪುನೀರು ಬಂದು ಹೋಗುವ ತಗ್ಗು ಗದ್ದೆಗಳಿಗೆ ಗಜನಿ ಎಂದು ಹೆಸರು. ಚಳಿಗಾಲದ ಒಂದು ಮುಂಜಾನೆ, ಇಳಿತದ ವೇಳೆಯಲ್ಲಿ, ಗೆಳೆಯನೊಡನೆ ಗಜನಿಯ ಹೊಂಡವೊಂದರ ಬದಿಯಲ್ಲಿ ಕುಳಿತಿದ್ದೆನು. ಅವನು ದುರ್ಬೀನನ್ನು ನನ್ನ ಕೈಗಿತ್ತು, “ಹೆಸರನ್ನು ಆಮೇಲೆ ಕೇಳು, ಮೊದಲು ಕೊಕ್ಕನ್ನು ನೋಡು” ಎಂದನು. ಗಿಡ್ಡ ಕೊಕ್ಕಿನ ಹಕ್ಕಿಗಳು ಕೆಸರಿನ ಮೇಲ್ಮೈಯನ್ನು ಹೆಕ್ಕುತ್ತಿದ್ದವು. ಗೊರವಗಳು ತುಸು ಒಳಕ್ಕೆ ಚುಚ್ಚಿ ಹುಳುಗಳನ್ನು ಹುಡುಕುತ್ತಿದ್ದವು. ಬಿಲ್ಲಿನಂತೆ ಬಾಗಿದ ನೀಳ ಕೊಕ್ಕಿನ ಹಕ್ಕಿಯೊಂದು ಇನ್ನೂ ಆಳದಿಂದ ಏಡಿಯನ್ನು ಹೊರಗೆಳೆಯಿತು. ಬೆಳ್ಳಕ್ಕಿ ನೀರಿನಲ್ಲಿ ಅಲುಗಾಡದೆ ನಿಂತಿತ್ತು. ಮಿಂಚುಳ್ಳಿ ಮೇಲಿನಿಂದ ಎರಗಿತು. ಕೆಸರು ಒಂದೇ, ಅದರಲ್ಲಿ ಉಣ್ಣುವ ಪಂಕ್ತಿಗಳು ಹಲವು!

ಗೊರವಗಳಲ್ಲಿ ಅನೇಕವು ನಮ್ಮ ನಾಡಿನವಲ್ಲ. ಉತ್ತರದ ಶೀತದೇಶಗಳಲ್ಲಿ ಮರಿಮಾಡಿ, ಸಾವಿರಾರು ಕಿಲೋಮೀಟರು ಹಾರಿ, ಇಲ್ಲಿಗೆ ಬರುತ್ತವೆ. ಇಂತಹ ಹೊಂಡಗಳು ಮುಚ್ಚಿಹೋದರೆ ಆ ದೀರ್ಘ ಪಯಣದ ಕೊನೆಯಲ್ಲಿ ಅವುಗಳಿಗೆ ಅನ್ನವೆಲ್ಲಿ?

“ಮನುಷ್ಯನ ಹೊಟ್ಟೆ ಮುಖ್ಯವೋ, ಹಕ್ಕಿಯ ಹೊಟ್ಟೆ ಮುಖ್ಯವೋ?” ಎಂದು ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಸರಿ. ಆದರೆ ಗಜನಿಯಲ್ಲಿ ಇವೆರಡೂ ಬೇರೆಬೇರೆಯಲ್ಲ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತ ಮಳೆಗಾಲದಲ್ಲಿ ಇಲ್ಲಿಯೇ ಬೆಳೆಯುತ್ತದೆ. ಕೊಯ್ಲಾದ ಮೇಲೆ ಉಬ್ಬರದೊಡನೆ ಮೀನು, ಸಿಗಡಿಗಳು ಒಳಬರುತ್ತವೆ. ಅಳಿವೆಯಲ್ಲಿ ಬಳಚು ಆರಿಸಿ ಸಂಸಾರ ಸಾಗಿಸುವವರೂ ಇದ್ದಾರೆ. ಹಕ್ಕಿಗೆ ಉಣಿಸುವ ಕೆಸರೇ ಮನುಷ್ಯನಿಗೂ ಉಣಿಸುತ್ತದೆ. ಹಕ್ಕಿಗಳು ಬರುವುದನ್ನು ನಿಲ್ಲಿಸಿದರೆ, ನಮ್ಮ ತುತ್ತಿಗೂ ಕುತ್ತು ಬರಬಹುದೆಂದು ಎಚ್ಚರಗೊಳ್ಳಬೇಕು.

ಜೌಗುಪ್ರದೇಶಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸರ್ ನಗರದಲ್ಲಿ ರಾಷ್ಟ್ರಗಳು ಒಪ್ಪಂದವೊಂದನ್ನು ಮಾಡಿಕೊಂಡವು. ಅದರ ಪಟ್ಟಿಗೆ ಅಘನಾಶಿನಿಯ ಅಳಿವೆಯು 2024ರಲ್ಲಿ ಸೇರಿತು. ಇದು ಸಂತೋಷದ ಸಂಗತಿ. ಆದರೆ ಪಟ್ಟಿಗೆ ಸೇರದ ಸಣ್ಣ ಹೊಂಡಗಳು ಊರೂರಿಗೂ ಇವೆ. ಅವುಗಳನ್ನು ಕಾಯುವವರು ಯಾರು? ಆ ಊರಿನವರೇ ಕಾಯಬೇಕು. ಕಾಯುವುದಕ್ಕೆ ಮೊದಲು ಕಾಣಬೇಕು. ವಿದ್ಯಾರ್ಥಿಗಳು ತಮ್ಮೂರಿನ ಕೆರೆಯ ದಂಡೆಯಲ್ಲಿ ಸದ್ದಿಲ್ಲದೆ ಒಂದು ಗಂಟೆ ಕುಳಿತು, ಕಂಡ ಹಕ್ಕಿಗಳನ್ನು ದಿನಾಂಕದೊಡನೆ ಬರೆದಿಡಲಿ. ಆ ನೆಲವನ್ನು ಯಾರಾದರೂ ಪಾಳೆಂದು ಕರೆದರೆ, ಉತ್ತರ ಕೊಡಲು ಅವರ ಕೈಯಲ್ಲಿ ಒಂದು ಪುಸ್ತಕವಾದರೂ ಇರುತ್ತದೆ.