ಹಳೆಯ ಜೀಪಿಗೆ ಹೊಸ ಗಾಲಿ



ಕುಪ್ಪೇಲೂರಿನ ನಮ್ಮ ಮನೆಗೆ ಬಂದು ಹೋದವರೆಲ್ಲ ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ನಿಂತಿರುವ ಜೀಪನ್ನು ಬಲ್ಲಿರಿ. ನಿಮ್ಮಲ್ಲಿ ಕೆಲವರು ಅದನ್ನು ಮಳೆಗಾಲದ ಮುಂಜಾವುಗಳಲ್ಲಿ ತಳ್ಳಿಯೂ ಇದ್ದೀರಿ. ದ್ರವದ ಒತ್ತಡ, ಘರ್ಷಣೆ, ಸನ್ನೆ ಇವುಗಳ ಪಾಠ ಬಂದಾಗ ನಾನು ಆ ಜೀಪನ್ನು ಶಾಲೆಯ ಅಂಗಳಕ್ಕೆ ತಂದು ನಿಲ್ಲಿಸಿ ಬಾನೆಟ್ಟು ತೆರೆಯುತ್ತಿದ್ದುದು ನೆನಪಿರಬಹುದು. ಪಾಠ ಎಷ್ಟು ಜನರ ತಲೆಗೆ ಹೋಯಿತೋ ಕಾಣೆ, ಕೈಗೆ ಗ್ರೀಸು ಮಾತ್ರ ಎಲ್ಲರಿಗೂ ಹತ್ತುತ್ತಿತ್ತು.

ಈಗ ಆ ಜೀಪಿನ ವಿಷಯವಾಗಿ ಮನೆಯಲ್ಲಿ ಒಂದು ತಕರಾರು ಎದ್ದಿದೆ. ನನ್ನ ಕಣ್ಣಿನ ದೃಷ್ಟಿ ಸಂಜೆಯ ನಂತರ ನಂಬುವಂತಿಲ್ಲವಾದ್ದರಿಂದ ಇನ್ನು ಮುಂದೆ ವಾಹನ ನಡೆಸುವುದಿಲ್ಲವೆಂದು ನಿಶ್ಚಯಿಸಿದ್ದೇನೆ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಕಳೆದ ದೀಪಾವಳಿಗೆ ಬಂದವನು, ‘ಮಾಮಾ, ಜೀಪು ನನಗ ಕೊಡ್ರಿ. ನಾ ಅದನ್ನ ಹೊಸಾದು ಮಾಡ್ತೇನಿ’ ಎಂದ. ಸಂತೋಷವಾಯಿತು. ಆಮೇಲೆ ಅವನು ಮೊಬೈಲಿನಲ್ಲಿ ಬರೆದುಕೊಂಡಿದ್ದ ಪಟ್ಟಿಯನ್ನು ಓದಿದ. ಮೂವತ್ತೊಂದು ಅಂಗುಲದ ಗಾಲಿಗಳು, ಪಾಟಾಗಳನ್ನು ಎತ್ತರಿಸುವ ಜೋಡಣೆ, ಟರ್ಬೊ ಇರುವ ಬೇರೆ ಇಂಜಿನ್ನು, ಮುಂದೆ ಉಕ್ಕಿನ ದೊಡ್ಡ ಗಾರ್ಡು, ಮೇಲೆ ಉದ್ದನೆಯ ಎಲ್‌ಇಡಿ ದೀಪದ ಪಟ್ಟಿ. ಬ್ರೇಕಿನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಕೊಡುವುದಿಲ್ಲವೆಂದು ನಾನು ಅಂದೇ ಹೇಳಿಬಿಟ್ಟೆ. ಅವನು ಮುನಿಸಿಕೊಂಡು ಹೋದ. ತಂಗಿಯೂ, ‘ಅಣ್ಣಾ, ಹುಡುಗ ಆಸೆ ಪಟ್ಟಾನ, ಯಾಕ ಹಂಗ ಕಡ್ಡಿ ಮುರದಂಗ ಅಂದಿ?’ ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಳೆಯ ವಸ್ತುವನ್ನು ಮುಟ್ಟಲೇಬಾರದು ಎನ್ನುವ ಪಂಥದವನು ನಾನಲ್ಲ. ಹಾಗೆಂದವರು ಅದನ್ನು ದಿನಬಳಕೆ ಮಾಡದವರು. ನಮ್ಮ ದೇಶದ ಜೀಪೇ ಬದಲಾವಣೆಗಳ ಕೂಸು. 1947ರಲ್ಲಿ ಮುಂಬಯಿಯಲ್ಲಿ ಮಹೀಂದ್ರಾ ಕಂಪನಿಯು ಅಮೆರಿಕದ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ಜೋಡಿಸತೊಡಗಿದಾಗ ಅದು ಪೆಟ್ರೋಲಿನ ಗಾಡಿ. ಮುಂದೆ ಸಿಜೆ-3ಬಿ ಬಂದಾಗ, ಒಳಗಿನ ಇಂಜಿನ್ನು ಎತ್ತರವಾಗಿದ್ದುದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಆ ಎತ್ತರದ ಮೂತಿಯೇ ನಮ್ಮಲ್ಲಿ ಬಹುಕಾಲ ಜೀಪಿನ ಗುರುತಾಗಿತ್ತು. ಎಂಬತ್ತರ ದಶಕದಲ್ಲಿ ಎಂಎಂ 540ರೊಳಗೆ ಫ್ರಾನ್ಸಿನ ಪ್ಯೂಜೊ ಮೂಲದ 2112 ಸಿಸಿಯ ಡೀಸೆಲ್ ಇಂಜಿನ್ನು ಬಂದು ಕೂತಿತು. ನಮ್ಮದು ಆ ಪೈಕಿ 1988ರದು. ಮೋಟಾರು ವಾಹನ ಕಾಯ್ದೆಯೂ 1988ರದೇ. ಇಬ್ಬರೂ ಓರಗೆಯವರು, ಮತ್ತು ನನ್ನ ಅನುಭವದಲ್ಲಿ ಇಬ್ಬರನ್ನೂ ಪಳಗಿಸುವುದು ಕಷ್ಟ.

ನಾನು ಅದನ್ನು ಕೊಂಡದ್ದು 1999ರಲ್ಲಿ, ಹಾವೇರಿ ಜಿಲ್ಲೆಯಾಗಿ ಎರಡು ವರ್ಷವಾಗಿತ್ತು. ಭವಿಷ್ಯ ನಿಧಿಯ ಹಣ ತೆಗೆದು ಹಳೆಯ ಜೀಪು ಕೊಂಡ ಮಾಸ್ತರನನ್ನು ಊರು ನೋಡಿ ನಕ್ಕಿತು. ಆದರೆ ನಮ್ಮ ಎರೆ ಹೊಲದ ದಾರಿ ಮೊದಲ ಮಳೆಗೇ ಹೇಗಾಗುತ್ತದೆಂಬುದು ನಿಮಗೆ ಗೊತ್ತು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹೊಲ ಸೇರಿದ ದಿನಗಳಿವೆ. ನಕ್ಕವರ ಮನೆಯವರನ್ನೇ ರಾತ್ರಿಯ ಹೊತ್ತು ರಾಣೇಬೆನ್ನೂರಿನ ಆಸ್ಪತ್ರೆಗೆ ಮುಟ್ಟಿಸಿದ್ದೂ ಉಂಟು. ಆ ಕಥೆಗಳನ್ನು ಹಿಂದೆಯೇ ಬರೆದಿದ್ದೇನೆ.

ಬರೆಯದೆ ಉಳಿಸಿಕೊಂಡಿದ್ದ ಕಥೆ ಬೇರೊಂದಿದೆ.

2004ರ ಬೇಸಿಗೆಯಲ್ಲಿ ನಾನು ಜೀಪಿಗೆ ಬಣ್ಣ ಹೊಡೆಸಿದೆ, ಮುಂದೆ ಕಬ್ಬಿಣದ ಗಾರ್ಡು ಹಾಕಿಸಿದೆ. ಮಿಸ್ತ್ರಿ ಮೊದಲೇ ಎಚ್ಚರಿಸಿದ್ದ: ‘ಮಾಸ್ತರ್ರ, ಬ್ರೇಕಿಂದು ಕೆಲಸ ಐತಿ. ಬಣ್ಣ ಆಮ್ಯಾಲ ನೋಡೋಣಂತ.’ ನಾನು ಕೇಳಲಿಲ್ಲ. ಪೆಡಲು ಸ್ವಲ್ಪ ಕೆಳಗೆ ಹೋಗುತ್ತಿತ್ತು, ಎರಡು ಸಲ ತುಳಿದರೆ ಹಿಡಿಯುತ್ತಿತ್ತು, ಅಷ್ಟು ಸಾಕೆಂದುಕೊಂಡೆ. ಆ ವರ್ಷದ ದಸರೆಗೆ ದೇವರಗುಡ್ಡದ ಮಾಲತೇಶನ ಕಾರಣಿಕ ಕೇಳಲು ಮನೆಮಂದಿಯನ್ನೆಲ್ಲ ಹೇರಿಕೊಂಡು ಹೋದೆ. ಜೀಪಿನಲ್ಲಿ ಹನ್ನೊಂದು ಜನ. ಅದೂ ತಪ್ಪೇ, ಆದರೆ ಆಗ ಹನ್ನೊಂದು ಕಡಿಮೆಯೆನಿಸುತ್ತಿತ್ತು. ಹಿಂದಿರುಗುವಾಗ ಇಳಿಜಾರಿನಲ್ಲಿ ಪೆಡಲು ತುಳಿದೆ, ಅದು ನೆಲ ಮುಟ್ಟಿತು. ಮತ್ತೆ ತುಳಿದೆ, ಮತ್ತೆ ನೆಲ.

ಒಂದು ಹಿಂಬದಿ ಗಾಲಿಯ ಸಿಲಿಂಡರಿನೊಳಗಿನ ರಬ್ಬರು ಒಡೆದಿತ್ತು. ನಮ್ಮ ಜೀಪಿನಲ್ಲಿದ್ದುದು ಒಂದೇ ಮಾರ್ಗದ ಬ್ರೇಕು. ನಾಲ್ಕೂ ಗಾಲಿಗಳಿಗೆ ಹೋಗುವ ಎಣ್ಣೆಗೆ ಒಂದೇ ಮೂಲ. ಎಲ್ಲಿ ತೂತಾದರೂ ನಾಲ್ಕಕ್ಕೂ ಒತ್ತಡವಿಲ್ಲ. ಪಾಸ್ಕಲನ ನಿಯಮವನ್ನು ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದವನಿಗೆ ಅದರ ಇನ್ನೊಂದು ಮುಖ ಅಂದು ಕಂಡಿತು. ಗೇರನ್ನು ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕು ಎಳೆದು, ಜನರಿದ್ದ ರಸ್ತೆಯನ್ನು ಬಿಟ್ಟು ಗೋವಿನಜೋಳದ ಹೊಲದ ಬದುವಿಗೆ ನುಗ್ಗಿಸಿ ನಿಲ್ಲಿಸಿದೆ. ನನ್ನ ಪಕ್ಕದಲ್ಲಿ ತಂಗಿ ಕುಳಿತಿದ್ದಳು. ಅವಳ ಹಣೆ ಮುಂದಿನ ಕಬ್ಬಿಣಕ್ಕೆ ಬಡಿದು ಸೀಳಿತು. ಅವಳ ತೊಡೆಯ ಮೇಲೆ ಆರು ವರ್ಷದ ಮಗನಿದ್ದ, ಅವನಿಗೇನೂ ಆಗಲಿಲ್ಲ. ಅವನನ್ನು ಎರಡೂ ಕೈಗಳಿಂದ ಅವುಚಿಕೊಂಡಿದ್ದರಿಂದಲೇ ಅವಳಿಗೆ ಕೈ ಊರಲು ಆಗಲಿಲ್ಲ. ಎಡ ಹುಬ್ಬಿನ ಮೇಲೆ ಆ ಗೆರೆ ಇಂದಿಗೂ ಇದೆ. ಜೀಪು ಕೇಳುತ್ತಿರುವವನು ಅದೇ ಮಗ. ಅವನಿಗೆ ಅಂದಿನದು ನೆನಪಿಲ್ಲ. ಹಳ್ಳದಲ್ಲಿ ಬಿದ್ದು ಆದ ಗಾಯವೆಂದು ತಂಗಿ ಅವನಿಗೆ ಹೇಳಿದ್ದಾಳೆ, ನನ್ನ ಮಾನ ಉಳಿಸಲು.

ಆದ್ದರಿಂದ ನನ್ನ ಅಭಿಪ್ರಾಯ ಪುಸ್ತಕದಿಂದ ಬಂದದ್ದಲ್ಲ. ಹಳೆಯ ಗಾಡಿಗೆ ಖರ್ಚು ಮಾಡುವವನು ಮೊದಲು ನಿಲ್ಲುವುದಕ್ಕೆ, ಆಮೇಲೆ ಕಾಣುವುದಕ್ಕೆ, ಆಮೇಲೆ ತಿರುಗುವುದಕ್ಕೆ ಖರ್ಚು ಮಾಡಲಿ. ಓಡುವುದಕ್ಕೂ ಮೆರೆಯುವುದಕ್ಕೂ ಹಣ ಉಳಿದರೆ ನೋಡೋಣ. ಆ ಅಪಘಾತದ ಮರುತಿಂಗಳೇ ಎರಡು ಮಾರ್ಗದ ಮಾಸ್ಟರ್ ಸಿಲಿಂಡರು, ಬೂಸ್ಟರು ಹಾಕಿಸಿದೆ. ಡೀಸೆಲ್ ಇಂಜಿನ್ನಿನಲ್ಲಿ ಪೆಟ್ರೋಲಿನದರಂತೆ ನಿರ್ವಾತ ತಾನಾಗಿ ಸಿಗುವುದಿಲ್ಲ; ಅದಕ್ಕೆ ಪ್ರತ್ಯೇಕ ಪಂಪು ಬೇಕು. ಅದನ್ನು ಮರೆತು ಬೂಸ್ಟರು ಕೂಡಿಸಿ, ಪೆಡಲು ಇನ್ನಷ್ಟು ಗಟ್ಟಿಯಾಯಿತೆಂದು ಗೊಣಗುವವರನ್ನು ಕಂಡಿದ್ದೇನೆ.

ಬ್ರೇಕ್ ಎಣ್ಣೆಯ ವಿಷಯ ಇನ್ನೂ ಸೂಕ್ಷ್ಮ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆಯ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ಶೇಕಡಾ ನಾಲ್ಕರಷ್ಟೂ ಅಲ್ಲದ ನೀರು ಸೇರಿದರೆ ಅದು 140ರ ಹತ್ತಿರಕ್ಕೆ ಇಳಿಯಬಹುದು. ಇಳಿಜಾರಿನಲ್ಲಿ ಬ್ರೇಕು ಕಾದಾಗ ಎಣ್ಣೆ ಕುದಿದು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲು ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸುವುದನ್ನು ನಾನು ಯುಗಾದಿಯ ಎಣ್ಣೆಸ್ನಾನದಷ್ಟೇ ನಿಷ್ಠೆಯಿಂದ ನಡೆಸಿಕೊಂಡು ಬಂದಿದ್ದೇನೆ. ಪೆಡಲು ಒತ್ತುವ ಕೆಲಸ ನನ್ನ ಶ್ರೀಮತಿಯದು. ‘ಒತ್ತು, ಹಿಡಿ, ಬಿಡು’ ಎಂಬ ಮೂರು ಮಾತಿನಲ್ಲಿ ನಮ್ಮ ಭಾನುವಾರದ ಬೆಳಗು ಕಳೆದುಹೋಗುತ್ತಿತ್ತು.

ಇನ್ನು ಅಳಿಯನ ಗಾಲಿಗಳು. ಮೂಲ ಗಾಲಿಯ ವ್ಯಾಸ ಸುಮಾರು 28.5 ಅಂಗುಲ. ಅದನ್ನು 31 ಮಾಡಿದರೆ ಶೇಕಡಾ ಒಂಬತ್ತರಷ್ಟು ಹೆಚ್ಚಳ. ಮೀಟರು 60 ತೋರಿಸುವಾಗ ಗಾಡಿ 65ರಲ್ಲಿ ಓಡುತ್ತಿರುತ್ತದೆ. ಅದು ಸಣ್ಣ ಮಾತು. ನೆಲವು ಗಾಲಿಯ ಅಂಚಿನಲ್ಲಿ ಹಿಡಿಯುತ್ತದೆ, ಬ್ರೇಕು ಮಧ್ಯದ ಡ್ರಮ್ಮಿನಲ್ಲಿ ಹಿಡಿಯುತ್ತದೆ. ಅಂಚು ದೂರ ಹೋದಷ್ಟೂ ಅದೇ ಡ್ರಮ್ಮು ಹೆಚ್ಚು ಶ್ರಮಪಡಬೇಕು. ಸನ್ನೆಯ ಪಾಠ ಇದೇ ಅಲ್ಲವೇ? ಕೆಸರಿನಲ್ಲಿ ಎಳೆಯುವ ಬಲವೂ ಅಷ್ಟರಮಟ್ಟಿಗೆ ಕುಂದುತ್ತದೆ. ಸ್ಟಿಯರಿಂಗಿನ ಕೀಲುಗಳು, ಕಿಂಗ್‌ಪಿನ್ ಬೇರಿಂಗುಗಳು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳು ಎಲ್ಲಕ್ಕೂ ಭಾರ ಏರುತ್ತದೆ. ಗಾಡಿಯನ್ನು ಎತ್ತರಿಸಿದರೆ ಗುರುತ್ವಕೇಂದ್ರವೂ ಏರುತ್ತದೆ. ಮೊದಲೇ ಕಿರಿದಾದ ಜೀಪು ಅದು. ನಮ್ಮ ಎರೆ ಮಣ್ಣಿಗಂತೂ ದೊಡ್ಡ ಗಾಲಿ ದೊಡ್ಡ ಮುದ್ದೆಯನ್ನೇ ಕಟ್ಟಿಕೊಳ್ಳುತ್ತದೆ.

ಕಾನೂನಿನ ಮಾತೂ ಇದೆ. ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಇಂಜಿನ್ನು ಬದಲಿಸಲು ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು. ನಾನು ಮೆರೆಸಿದ್ದಂಥ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳಲು ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆದಿತ್ತು. ನನ್ನದನ್ನು ಆಗ ಬಿಚ್ಚಿ ಎಮ್ಮೆಯ ಗ್ವಾದಲಿಗೆ ಅಡ್ಡ ಕಟ್ಟಿದೆ, ಅಲ್ಲಿ ಉಪಯುಕ್ತವಾಗಿದೆ.

ದೀಪದ ವಿಷಯದಲ್ಲಿ ಹುಡುಗನ ಆಸೆ ಸರಿ, ದಾರಿ ತಪ್ಪು. ಹಳೆಯ ಜೀಪಿನ ಬೆಳಕು ಮಂದವಾಗಲು ಬಲ್ಬು ಕಾರಣವಲ್ಲ, ಸವೆದ ತಂತಿ ಮತ್ತು ಸ್ವಿಚ್ಚು. ಹನ್ನೆರಡು ವೋಲ್ಟಿನಲ್ಲಿ ಎರಡು ದಾರಿಯಲ್ಲಿಯೇ ಸೋರಿಹೋದರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ದಪ್ಪ ತಂತಿ, ಎರಡು ರಿಲೇ ಹಾಕಿದರೆ ಹಳೆಯ ಬಲ್ಬೇ ಬೆಳಗುತ್ತದೆ. ಎದುರಿನ ಎತ್ತಿನ ಗಾಡಿಯವನ ಕಣ್ಣು ಕುಕ್ಕುವ ದೀಪ ನನ್ನ ಜೀಪಿನ ಮೇಲೆ ಏರುವುದು ಬೇಡ.

ಇನ್ನೊಂದು ಕಡೆಯವರೂ ಇದ್ದಾರೆ. ‘ಗುಜರಿಗೆ ಹಾಕ್ರಿ ಸರ, ಹೊಗಿ ಉಗಳ್ತೈತಿ’ ಎನ್ನುವ ನನ್ನ ವಿದ್ಯಾರ್ಥಿಗಳು ಸುಳ್ಳು ಹೇಳುತ್ತಿಲ್ಲ. ಹಳೆಯ ಡೀಸೆಲ್ಲಿನ ಹೊಗೆಯನ್ನು ಸಮರ್ಥಿಸಲು ನನ್ನಲ್ಲಿ ವಾದವಿಲ್ಲ. ಇಂಜೆಕ್ಟರುಗಳನ್ನು ಕಾಲಕಾಲಕ್ಕೆ ಪರೀಕ್ಷೆ ಮಾಡಿಸುತ್ತೇನೆ, ಹೊಲಕ್ಕೆ ಮತ್ತು ಅಗತ್ಯಕ್ಕೆ ಮಾತ್ರ ತೆಗೆಯುತ್ತೇನೆ, ಅಷ್ಟೇ. ಆದರೆ ಸರ್ಕಾರದ ಲೆಕ್ಕ ನನಗೆ ಒಪ್ಪಿಗೆಯಾಗದು. ಹದಿನೈದು ವರ್ಷ ಮೀರಿದ ಕಾರು, ಜೀಪುಗಳ ನೋಂದಣಿ ನವೀಕರಣಕ್ಕೆ 600 ರೂಪಾಯಿಯಿದ್ದ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. 2023ರಲ್ಲಿ ನಾನು ಅದನ್ನು ಕಟ್ಟಿದೆ. ಇಪ್ಪತ್ತು ವರ್ಷ ಮೀರಿದವುಗಳಿಗೆ 2025ರ ಆಗಸ್ಟಿನಲ್ಲಿ 10,000 ಮಾಡಿದರು. ಗಾಡಿಯ ವಯಸ್ಸನ್ನು ಅಳೆದು ಹಣ ಕೇಳುವುದಕ್ಕಿಂತ ಅದರ ಬ್ರೇಕು, ದೀಪ, ಹೊಗೆಯನ್ನು ಕಟ್ಟುನಿಟ್ಟಾಗಿ ಅಳೆದು, ತಪ್ಪಿದ್ದರೆ ಹಿಂದಕ್ಕೆ ಕಳಿಸಿದರೆ ನನಗೆ ಸಂತೋಷ. 2004ರಲ್ಲಿ ಯಾರಾದರೂ ನನ್ನ ಜೀಪನ್ನು ಹಾಗೆ ಹಿಂದಕ್ಕೆ ಕಳಿಸಬೇಕಾಗಿತ್ತು. ಐವತ್ತು ವರ್ಷ ತುಂಬಿದ ಗಾಡಿಗಳಿಗೆ 2021ರ ವಿಂಟೇಜ್ ನಿಯಮಗಳಿವೆ. ಆದರೆ ಆ ನೋಂದಣಿಯಡಿ ಅದನ್ನು ನಿತ್ಯ ಬಳಸುವಂತಿಲ್ಲ. ನಮ್ಮ ಜೀಪಿಗೆ ಐವತ್ತಾಗುವಾಗ ನನಗೆ ತೊಂಬತ್ತಾಗಿರುತ್ತದೆ.

ಹೋದ ವಾರ ತಂಗಿಗೆ ಫೋನು ಮಾಡಿ, ಆ ಹಣೆಯ ಗೆರೆಯ ನಿಜವನ್ನು ಮಗನಿಗೆ ಹೇಳೆಂದೆ. ಅವಳು ಒಪ್ಪಲಿಲ್ಲ, ‘ನೀನ ಹೇಳು’ ಎಂದಳು. ನಾನೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾಮಾ, ಹಿಂದಿನ ಗಾಲಿ ಸಿಲಿಂಡರಿನ ಕಿಟ್ ಈಗ ಎಲ್ಲಿ ಸಿಗತೈತ್ರಿ?’ ಎಂದು ಕೇಳಿದ. ಹುಬ್ಬಳ್ಳಿಯಲ್ಲಿ ಎಂದೆ. ಬರುವ ಎರಡನೆಯ ಶನಿವಾರ ಬರುತ್ತಾನಂತೆ. ನಾಲ್ಕೂ ಡ್ರಮ್ಮು ಬಿಚ್ಚಿ, ಲೈನಿಂಗು ನೋಡಿ, ಎಣ್ಣೆ ಬದಲಿಸುವುದು. ಈ ಸಲ ಪೆಡಲು ಒತ್ತುವವನು ನಾನು, ಕೆಳಗೆ ಮಲಗುವವನು ಅವನು. ಮೊದಲು ನಿಪ್ಪಲ್ಲು ಸಡಿಲಿಸುವ ಪಾನಾ ಹುಡುಕಬೇಕು, ಮೊಮ್ಮಗಳು ಅದನ್ನು ಆಡಲು ಒಯ್ದಿದ್ದಾಳೆ.