ಕಾಯ್ದೆಯಲ್ಲಿ ‘ಬಹುದು’, ಬೆಂಚಿನ ಮೇಲೆ ಅಜ್ಜಿ

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಮಲಗುವ ಅಜ್ಜಿಯನ್ನು ನೀವೂ ನೋಡಿರ್ತೀರಿ. ಯಾರೋ ಇಡ್ಲಿ ಕೊಡಿಸ್ತಾರೆ, ರಾತ್ರಿಗೆ ಜಾಗ ಯಾರೂ ಕೊಡಲ್ಲ.

2007ರ ಹಿರಿಯ ನಾಗರಿಕರ ಕಾಯ್ದೆಯ 19ನೇ ಸೆಕ್ಷನ್‌ನಲ್ಲಿ ಜಿಲ್ಲೆಗೆ ಕನಿಷ್ಠ ಒಂದು ವೃದ್ಧಾಶ್ರಮ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗ ಅಂತ ಬರೆದಿದೆ. ಆದರೆ ರಾಜ್ಯ ಸರ್ಕಾರ ಅದನ್ನು ‘ಸ್ಥಾಪಿಸಬಹುದು’ ಅಷ್ಟೇ, ‘ಸ್ಥಾಪಿಸಲೇಬೇಕು’ ಅಂತಿಲ್ಲ. ಎಲ್ಲಾ ಜಾರಿಕೊಳ್ಳೋದು ಆ ‘ಬಹುದು’ ಹಿಡಿದೇ.

ಪಿಂಚಣಿ ಇದೆಯಲ್ಲ ಅಂತೀರಾ? ಸಂಧ್ಯಾ ಸುರಕ್ಷಾದ ತಿಂಗಳ 1,200 ರೂಪಾಯಿಗೆ ಯಾವ ಊರಲ್ಲಿ ರೂಮು ಬಾಡಿಗೆಗೆ ಸಿಗುತ್ತೆ, ಊಟ ಬೇರೆ? ಅದಕ್ಕೂ ವಿಳಾಸದ ದಾಖಲೆ ಬೇಕು. ಬೆಂಚಿಗೆ ಡೋರ್ ನಂಬರ್ ಎಲ್ಲಿಂದ ತರೋದು?

ಮುಂದಿನ ಬಜೆಟ್‌ಗೆ ನಮ್ಮ ಶಾಸಕರು ಈ 150 ಹಾಸಿಗೆಯ ದುಡ್ಡು ಕೇಳಲಿ. ಸಮುದಾಯ ಭವನ ಒಂದು ವರ್ಷ ತಡವಾದರೂ ಪರವಾಗಿಲ್ಲ.