ವರದಕ್ಷಿಣೆ ಬೇಡ ಎನ್ನುವ ಫೋಟೋ

ವರದಕ್ಷಿಣೆ ಬೇಡ, ಹುಡುಗಿ ಒಳ್ಳೆಯವಳಾದರೆ ಸಾಕು ಎನ್ನುವ ಗಂಡು ಸಿಕ್ಕಿದರೆ ಹೆಣ್ಣು ಹೆತ್ತ ಯಾವ ಮನೆ ಹಿಗ್ಗುವುದಿಲ್ಲ? ಮದುವೆಯ ಹೆಸರಿನಲ್ಲಿ ಮೊಬೈಲಿನಲ್ಲಿ ವಂಚಿಸುವವರಿಗೆ ಇದು ಚೆನ್ನಾಗಿ ಗೊತ್ತು. ಯಾವನೋ ಡಾಕ್ಟರನ, ಸೈನಿಕನ ಫೋಟೋ ಕದ್ದು, ಲಂಡನ್ನಿನಲ್ಲಿ ಕೆಲಸವೆಂದು ಬರೆದು ಕಾಯುತ್ತಾರೆ. ಅವರ ಕಣ್ಣು ವಿಧವೆಯರ ಮೇಲೆ, ಗಂಡ ಬಿಟ್ಟವರ ಮೇಲೆ, ವರದಕ್ಷಿಣೆ ಹೊಂದಿಸಲಾಗದೆ ಮೂವತ್ತು ದಾಟಿದವರ ಮೇಲೆ. ಸಮಾಜ ಯಾರನ್ನು ಬದಿಗೆ ಸರಿಸಿದೆಯೋ ಅವರ ಮೇಲೆಯೇ.

ಕೆಲವು ವಾರ ದಿನವೂ "ಊಟ ಆಯ್ತಾ?" ಎಂಬ ವಿಚಾರಣೆ. (ಇಷ್ಟನ್ನು ಕೇಳುವ ಗಂಡಸರು ನಮ್ಮ ಎಷ್ಟು ಮನೆಗಳಲ್ಲಿದ್ದಾರೆ, ಹೇಳಿ!) ಆಮೇಲೆ ಚಿನ್ನ, ಡಾಲರು ತುಂಬಿದ ಉಡುಗೊರೆ ಕಳಿಸಿದ್ದೇನೆ ಎನ್ನುತ್ತಾನೆ. ಮರುದಿನ ದಿಲ್ಲಿ ಕಸ್ಟಮ್ಸ್‌ನಿಂದ ಎಂದು ಫೋನು: ಪಾರ್ಸೆಲು ತಡೆದಿದ್ದೇವೆ, ಸುಂಕ ಕಟ್ಟಿ. ಸುಂಕ ಕಟ್ಟಿದರೆ ದಂಡ, ದಂಡ ಕಟ್ಟಿದರೆ ಇನ್ನೊಂದು ಪ್ರಮಾಣಪತ್ರ. ನಿಜವಾದ ಕಸ್ಟಮ್ಸ್ ಇಲಾಖೆ ಹೀಗೆ ಯಾರದೋ ಸ್ವಂತ ಖಾತೆಗೆ ಹಣ ಹಾಕಿಸಿಕೊಳ್ಳುವುದಿಲ್ಲ. ವಿಡಿಯೋ ಕರೆಯಲ್ಲಿ ಮುಖ ನೋಡಿದೆ ಎಂದು ನಂಬುವಂತೆಯೂ ಇಲ್ಲ. ಮುಖವನ್ನೂ ಈಗ ಯಂತ್ರ ತಯಾರಿಸುತ್ತದೆ.

ನಮ್ಮ ಸಂಘದ ಒಬ್ಬಾಕೆ, ಗಂಡ ತೀರಿಕೊಂಡವಳು, ಹಸು ತರುತ್ತೇನೆಂದು ಸಾಲ ಎತ್ತಿ ಈ ದಾರಿಯಲ್ಲಿ ಕಳೆದುಕೊಂಡಳು. ನಾಚಿಕೆಯಿಂದ ಇಪ್ಪತ್ತು ದಿನ ಬಾಯಿಬಿಡಲಿಲ್ಲ. ಠಾಣೆಗೆ ನಾವು ಮೂವರು ಜೊತೆಗೆ ಹೋದೆವು. ಅಲ್ಲಿ ಕೇಳಿದ ಮೊದಲ ಪ್ರಶ್ನೆ, "ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತಮ್ಮ?" ವಂಚಿಸಿದವನ ನಂಬರನ್ನು ಕೇಳಿದ್ದು ಆಮೇಲೆ.

ಈ ಪ್ರಶ್ನೆಯೇ ವಂಚಕರ ಬಂಡವಾಳ ಎನ್ನುತ್ತೇನೆ. ಹಣ ಹೋದ ತಕ್ಷಣ 1930ಕ್ಕೆ ಫೋನು ಮಾಡಿದರೆ ಅದು ಖಾತೆಯಿಂದ ಖಾತೆಗೆ ಜಾರುವ ಮೊದಲು ತಡೆಹಿಡಿಯುವ ಅವಕಾಶವಿದೆ. ನಾಚಿಕೆಯಲ್ಲಿ ಕಳೆದ ಒಂದೊಂದು ದಿನವೂ ಅವರ ಲಾಭ. ಕಂಪ್ಯೂಟರು, ಮೊಬೈಲು ಬಳಸಿ ಬೇರೊಬ್ಬರಂತೆ ನಟಿಸಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಲ್ಲಿ ಮೂರು ವರ್ಷದವರೆಗೆ ಸಜೆಯಿದೆ. ಮದುವೆಯ ಆಸೆ ಯಾವ ಕಾಯ್ದೆಯಲ್ಲೂ ಅಪರಾಧವಲ್ಲ. ನೋಂದಾಯಿಸುವವರ ಗುರುತಿನ ದಾಖಲೆ ಪರಿಶೀಲಿಸಬೇಕೆಂದು ಕೇಂದ್ರ ಸರ್ಕಾರ ವಿವಾಹ ಜಾಲತಾಣಗಳಿಗೆ 2016ರಲ್ಲೇ ಸೂಚಿಸಿದೆ. ಶುಲ್ಕ ವಸೂಲು ಮಾಡುವ ಕಂಪನಿಗಳನ್ನು ಯಾರೂ ಗದರಿಸುವುದಿಲ್ಲ. ಊರಿನವರಿಗೆ ಹೊಳೆಯುವ ಪರಿಹಾರ ಒಂದೇ: ಹೆಂಗಸರ ಕೈಯಿಂದ ಮೊಬೈಲು ಕಿತ್ತುಕೊಳ್ಳುವುದು. ಹೊಡೆತ ತಿಂದ ರಾತ್ರಿ ತವರಿಗೆ ಸುದ್ದಿ ಮುಟ್ಟಿಸುವುದೂ ಅದೇ ಮೊಬೈಲು ಎಂಬುದನ್ನು ಮರೆಯುತ್ತಾರೆ.

ಸಂಘದಲ್ಲೂ ಜಗಳವಾಯಿತು. ಸುಳ್ಳು ಹೇಳಿ ಸಾಲ ತೆಗೆದವಳನ್ನು ಹೊರಹಾಕಿ ಎಂದವರಿದ್ದರು. ಅವರ ಸಿಟ್ಟು ಸುಳ್ಳಲ್ಲ, ಅದು ಎಲ್ಲರ ಬೆವರಿನ ಉಳಿತಾಯ. ಆದರೆ ಹೊರಹಾಕಿದರೆ ಮುಂದೆ ಮೋಸಹೋದವಳು ಇಪ್ಪತ್ತು ದಿನವಲ್ಲ, ಇಪ್ಪತ್ತು ವರ್ಷ ಬಾಯಿ ಮುಚ್ಚಿಕೊಳ್ಳುತ್ತಾಳೆ ಎಂದು ನಾನು ವಾದಿಸಿದೆ. ಕೊನೆಗೆ ಅವಧಿ ಹೆಚ್ಚಿಸಿ ಕಂತು ಅರ್ಧಕ್ಕಿಳಿಸಿದೆವು. ಆಕೆ ಈಗ ಕಟ್ಟುತ್ತಿದ್ದಾಳೆ. ಅಪರಿಚಿತರ ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿ ಹುಡುಕುವುದನ್ನು ಕಾಲೇಜಿಗೆ ಹೋಗುವ ಒಬ್ಬ ಸದಸ್ಯೆಯ ಮಗಳು ವಾರದ ಸಭೆಯಲ್ಲಿ ನಮಗೆಲ್ಲ ಕಲಿಸುತ್ತಿದ್ದಾಳೆ.